ಜಲಜಕ್ಕ ತೊಳೆದ ಹಳದಿ

ಕಲಬೆರಕೆ ಮಾಡಿದ ದಿನಸಿ ಅಂಗಡಿಯವನನ್ನು ಪೊಲೀಸರು ಹಿಡಿಯುತ್ತಾರೆ; ನನ್ನನ್ನು ಮಾತ್ರ ಕಾಲೇಜಿನವರು ಸಂಬಳ ಕೊಟ್ಟು ಇಟ್ಟುಕೊಂಡಿದ್ದಾರೆ. ನಾನು ಭೌತಶಾಸ್ತ್ರದ ಅಧ್ಯಾಪಕ. ಬಿಸಿಲಿನಿಂದ ವಿದ್ಯುತ್ ತೆಗೆಯುವ ಅರೆವಾಹಕಗಳನ್ನು ಕಲಬೆರಕೆ ಮಾಡುವುದೇ ನನ್ನ ಸಂಶೋಧನೆ. ಟೈಟಾನಿಯಂ ಆಕ್ಸೈಡ್ ಎಂಬ ಬಿಳಿ ಪುಡಿಯಿದೆ. ಅಪ್ಪಟ ಶುದ್ಧ. ಆ ಶುದ್ಧತೆಯೇ ಅದರ ರೋಗ. ಮೈಮೇಲೆ ಬಿದ್ದ ಬಿಸಿಲನ್ನು ಒಳಗೆ ಬಿಟ್ಟುಕೊಳ್ಳದೆ ಬಹುಪಾಲು ಹಾಗೆಯೇ ವಾಪಸು ಕಳಿಸುತ್ತದೆ. ಚೂರೇ ಚೂರು ಸಾರಜನಕ ಸೇರಿಸಿದರೆ ಹಳದಿಗೆ ತಿರುಗಿ ಬೆಳಕು ಹೀರತೊಡಗುತ್ತದೆ. ಮದುವೆಯಾಗದೆ, ಫಳ್ನೀರಿನ ಫ್ಲ್ಯಾಟಿನಲ್ಲಿ ಒಬ್ಬನೇ ಐವತ್ತು ದಾಟಿದ ನನಗೆ ಆ ಬಿಳಿ ಪುಡಿಯ ಕಷ್ಟ ಚೆನ್ನಾಗಿ ಅರ್ಥವಾಗುತ್ತದೆ.

ಮಳೆಗಾಲವಿಡೀ ಪ್ರಯೋಗ ಮಾಡಿದರೂ ಬಿಳಿಯೇ ಬಂತು. ಕೊನೆಗೊಂದು ಶನಿವಾರ ಗಾಜಿನ ತುಂಡುಗಳ ಮೇಲಿನ ತೆಳು ಲೇಪ ಹಳದಿಯಾಯಿತು. ನಾನು ಕುಣಿಯುವುದೊಂದು ಬಾಕಿ. ಯಾರಿಗಾದರೂ ಹೇಳಬೇಕಲ್ಲ! ಫೋನು ತೆಗೆದು ಹೆಸರುಗಳನ್ನು ನೋಡುತ್ತ ಹೋದೆ. ಗ್ಯಾಸಿನವನು, ಪ್ಲಂಬರ್, ಆಮೇಲೆ ತೀರಿಹೋದ ಅಕ್ಕ. ಅವಳ ನಂಬರನ್ನು ಅಳಿಸಲು ಮನಸ್ಸು ಬಂದಿಲ್ಲ. ಹಂಪನಕಟ್ಟೆಯಲ್ಲಿ ಒಂದು ಐಸ್‌ಕ್ರೀಮ್ ತಿಂದು, ನನಗೆ ನಾನೇ ಶಹಭಾಸ್ ಹೇಳಿಕೊಂಡು ಮನೆಗೆ ಬಂದೆ. ಮರುದಿನ, ಬಿಸಿಲಿಗೆ ಬಣ್ಣ ನಿಲ್ಲುತ್ತದೋ ನೋಡೋಣವೆಂದು ಗಾಜುಗಳನ್ನು ಸ್ಟೀಲ್ ತಟ್ಟೆಯಲ್ಲಿ ಜೋಡಿಸಿ ತಾರಸಿಯ ಮೇಲೆ ಇಟ್ಟೆ.

ಮಧ್ಯಾಹ್ನ ಹೋಗಿ ನೋಡಿದರೆ ಗಾಜುಗಳು ಫಳಫಳ ಹೊಳೆಯುತ್ತಿವೆ. ಕೆಳಗಿನ ಮನೆಯ ಜಲಜಕ್ಕ, ಮಳೆಗೆ ಮೆತ್ತಗಾದ ಹಪ್ಪಳಗಳನ್ನು ಪಕ್ಕದಲ್ಲೇ ಬಿಸಿಲಿಗೆ ಹರಡುತ್ತಿದ್ದರು.

"ತೊಳೆದಿಟ್ಟಿದ್ದೇನೆ ಮಾಸ್ಟ್ರೇ. ಎಂತ ಕಲೆ ಮಾರಾಯ್ರೆ ಅದು! ಮೀನು ಸಾರಿನದ್ದಲ್ವಾ? ಹುಣಸೆಹುಳಿ ಹಾಕಿ ತಿಕ್ಕಿದ ಮೇಲೆ ಹೋದದ್ದು."

ಮಳೆಗಾಲದ ದುಡಿಮೆ ಹುಣಸೆಹಣ್ಣಿನಲ್ಲಿ ತೊಳೆದಂತಾಗಿತ್ತು. "ಜಲಜಕ್ಕ, ಅದು..." ಎಂದೆ.

"ಒಬ್ಬರೇ ಇದ್ರೆ ಹೀಗೇ. ನಿಮ್ಮದು ಊಟ ಆಯ್ತಾ?"

ಅಕ್ಕ ಹೋದ ಮೇಲೆ ಈ ಪ್ರಶ್ನೆಯನ್ನು ಯಾರೂ ನನಗೆ ಕೇಳಿರಲಿಲ್ಲ. "ಇಲ್ಲ. ಅದು ಸಾರಿನ ಕಲೆಯೇ ಜಲಜಕ್ಕ" ಎಂದುಬಿಟ್ಟೆ. ಸ್ವಲ್ಪ ಹೊತ್ತಿನಲ್ಲಿ ಕುಚ್ಚಲಕ್ಕಿ ಅನ್ನ, ಬಂಗುಡೆ ಮೀನಿನ ಸಾರು ನನ್ನ ಬಾಗಿಲಿಗೆ ಬಂದವು. ಉಣ್ಣುವಾಗ ಕಣ್ಣು ತುಂಬಿತು. ಖಾರಕ್ಕೆ ಎಂದು ಸುಳ್ಳು ಹೇಳೋಣವೆಂದರೆ ಕೇಳುವವರು ಯಾರೂ ಎದುರಿಗಿರಲಿಲ್ಲ.

ಹಳದಿಯನ್ನು ಇನ್ನೊಮ್ಮೆ ಬರಿಸಬಹುದು, ದಾರಿ ಗೊತ್ತಾಗಿದೆ. ಆದರೆ ಮುಂದಿನ ಭಾನುವಾರ ಈ ವಿಜ್ಞಾನಿ ಏನು ಮಾಡಿದ ಗೊತ್ತೇ? ಖಾಲಿ ಗಾಜುಗಳಿಗೆ ಅಡುಗೆಮನೆಯ ಅರಿಶಿನ ಬಳಿದು, ತಾರಸಿಯಲ್ಲಿಟ್ಟು, ಊಟ ಮಾಡದೆ ಕಾದು ಕುಳಿತ. ಬಿಸಿಲು ಇಳಿಯಿತು, ಮೆಟ್ಟಿಲಲ್ಲಿ ಹೆಜ್ಜೆ ಸಪ್ಪಳವೇ ಇಲ್ಲ. ಕೆಳಗಿಳಿದು ವಾಚ್‌ಮನ್ನನ್ನು ಕೇಳಿದೆ. "ಜಲಜಕ್ಕ ತೊಕ್ಕೊಟ್ಟಿಗೆ ತಂಗಿ ಮನೆಗೆ ಹೋಗಿದ್ದಾರೆ ಸರ್, ಎಂತ ಬೇಕಿತ್ತು?" ಎಂದ. ಏನೂ ಬೇಡ ಎಂದೆ.

ಗಾಜುಗಳನ್ನು ನಾನೇ ತೊಳೆದೆ. ಅವು ಶುದ್ಧವಾದವು, ನನ್ನ ಬೆರಳುಗಳು ಆಗಲಿಲ್ಲ. ಸೋಮವಾರ ಪ್ರಯೋಗಾಲಯದ ಅಟೆಂಡರ್ ನನ್ನ ಕೈ ನೋಡಿ ಮುಖ ಅರಳಿಸಿದ: "ಸರ್, ಪುನಃ ಹಳದಿ ಬಂತಾ?"

"ಬಂತು" ಎಂದೆ. "ಆದರೆ ಏನನ್ನೂ ಹೀರಲಿಲ್ಲ."