ಆಷಾಢದ ಗಾಳಿ, ಸಾಹೇಬರ ಟರ್ಕಿ ಕೋಳಿ

ಆಷಾಢದ ಗಾಳಿ ಎದ್ದಿತೆಂದರೆ ಕೋಲಾರದ ಚಿನ್ನದ ಗಣಿಯ ಉರಿಗಾಂನಲ್ಲಿ ಇಟ್ಟದ್ದು ಇಟ್ಟ ಕಡೆ ಇರುವುದಿಲ್ಲ. ಒಣಹಾಕಿದ ಪಂಚೆ ಪಕ್ಕದ ಬೀದಿಯ ಬೇಲಿಯ ಮೇಲೆ, ಚಿನ್ನ ತೆಗೆದ ಮಣ್ಣು ಸುರಿದು ಎದ್ದ ಸೈನೈಡ್ ಗುಡ್ಡದ ಬೂದುಮಣ್ಣು ಸಾರಿನ ಪಾತ್ರೆಯಲ್ಲಿ. ನನ್ನಂಥ ಕೂತಲ್ಲಿ ಕೂರಲಾರದ ಮನುಷ್ಯನಿಗೆ ಆ ತಿಂಗಳು ಒಂದಲ್ಲ ಒಂದು ಫಜೀತಿ ಕಾದೇ ಇರುತ್ತದೆ. ಎಪ್ಪತ್ತರ ದಶಕದ ಒಂದು ಆಷಾಢದ್ದನ್ನು ಮಾತ್ರ ಹೇಳುತ್ತೇನೆ.

ಆಗ ನಾನು ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್. ವಾಸ ಬಂಗಾರಪೇಟೆಯ ಮಾವನ ಮನೆಯಲ್ಲಿ, ದಿನಾ ರೈಲಿನಲ್ಲಿ ಓಡಾಟ. ಮೊದಲ ತಿಂಗಳು ನಮ್ಮತ್ತೆ ನನ್ನನ್ನು 'ಅಳಿಯಂದಿರು' ಅನ್ನುತ್ತಿದ್ದರು. ಆಮೇಲೆ 'ಇವರು' ಆದೆ. ವರ್ಷ ತುಂಬುವ ಹೊತ್ತಿಗೆ 'ಅದು ಬಂತಾ?' ಎಂದು ಮಗಳನ್ನು ಕೇಳತೊಡಗಿದ್ದರು. ಉರಿಗಾಂನಲ್ಲಿ ಒಂದು ಕ್ವಾರ್ಟರ್ಸ್ ಖಾಲಿಯಾಗಿದೆ, ಯಾರಿಗೆ ಕೊಡುವುದೆಂದು ವರ್ಕ್‌ಶಾಪಿನ ನಮ್ಮ ಸಾಹೇಬರು ರಜೆಗೆ ಊರಿಗೆ ಹೋಗಿ ಬಂದ ಮೇಲೆ ಹೇಳುತ್ತಾರೆ ಎಂದು ಕೇಳಿದ ದಿನದಿಂದ ನನಗೆ ನಿದ್ದೆ ಹತ್ತಲಿಲ್ಲ. ಅದಕ್ಕೇ ಸಾಹೇಬರು ರಜೆ ಹೋಗುವಾಗ ಅವರ ಟರ್ಕಿ ಕೋಳಿಗಳನ್ನು ನೋಡಿಕೊಳ್ಳಲು ನಾನೇ ಮುಂದೆ ಬಿದ್ದು ಒಪ್ಪಿಕೊಂಡೆ. ಒಂದು ಗಂಡು, ಎರಡು ಹೆಣ್ಣು. ಕೆಂಪು ಕುತ್ತಿಗೆ ಊದಿಸಿಕೊಂಡು ಓಡಾಡುವ ಆ ಗಂಡೆಂದರೆ ಸಾಹೇಬರಿಗೆ ಪ್ರಾಣ.

೧. ತಗಡು

ಮೂರನೇ ದಿನ ಮಧ್ಯಾಹ್ನ ಸಾಹೇಬರ ಬಂಗಲೆಗೆ ಹೋದರೆ ಗೂಡಿನ ಮೇಲಿನ ತಗಡೇ ಇಲ್ಲ! ಹೆಣ್ಣೆರಡು ಬೇಲಿಯ ಬುಡದಲ್ಲಿ ಮುದುರಿ ಕೂತಿದ್ದವು. ಗಂಡು ನಾಪತ್ತೆ. ಜೊತೆಗಿದ್ದ ನಮ್ಮ ವೆಲ್ಡರ್, ಮೈಸೂರು ಮೈನ್ಸ್ ಕೂಲಿ ಲೈನಿನ ಒಂದೇ ಕೋಣೆಯಲ್ಲಿ ಸಂಸಾರ ಮಾಡುವ ತಮಿಳಿನವನು, ತಲೆ ಮೇಲೆ ಕೈ ಹೊತ್ತ.

"ಐಯೋ ಅಣ್ಣೇ, ವಾನ್‌ಕೋಳಿ ಪೋಯಿಡ್ಚು! ಟರ್ಕಿ ಹೋಗೇಬಿಡ್ತು! ನೀನು ಫಿಟ್ಟರ್ ಅಲ್ವಾ? ತಗಡಿಗೆ ಎರಡು ಬೋಲ್ಟ್ ಹಾಕೋಕೆ ಏನಾಗಿತ್ತು?"

ನಾನು ಬೋಲ್ಟ್ ಹಾಕಿರಲಿಲ್ಲ, ಕಲ್ಲು ಹೇರಿದ್ದೆ. ಡ್ಯೂಟಿ ಮುಗಿದ ಮೇಲೆ ಯಾವ ಕಾರ್ಮಿಕನೂ ಬೋಲ್ಟ್ ಮುಟ್ಟಕೂಡದು ಎಂದು ಹೋದ ತಿಂಗಳಷ್ಟೇ ಯೂನಿಯನ್ ಸಭೆಯಲ್ಲಿ ಭಾಷಣ ಮಾಡಿದವನು ನಾನೇ.

೨. ಸಂಗು

ಕೋಳಿ ಸೈನೈಡ್ ಗುಡ್ಡದ ಪೊದೆ ಸೇರಿ ಕಾಡುಪ್ರಾಣಿಯೇ ಆಗಿಬಿಟ್ಟಿತು. ಮನುಷ್ಯರ ನೆರಳು ಕಂಡರೆ ಮಾಯ. ಆದರೆ ಅದಕ್ಕೊಂದು ಚಟವಿತ್ತು. ಶಿಫ್ಟ್ ಬದಲಾಗುವಾಗ ಗಣಿಯ ಸಂಗು, ಅಂದರೆ ಸೈರನ್, ಊದಿದರೆ ಎಲ್ಲಿದ್ದರೂ 'ಗ್ಲೊಬಗ್ಲೊಬ' ಎಂದು ಉತ್ತರ ಕೊಡುತ್ತಿತ್ತು. ಎರಡು ಗಂಟೆಯ ಸಂಗಿಗೆ ಗೋಣಿಚೀಲ ಹಿಡಿದು ಕಾದೆವು. ಸಂಗು ಊದಿತು, ಕೋಳಿ ಕೂಗಿತು. ಗಾಳಿ ಆ ಕೂಗನ್ನು ಎಲ್ಲಿಂದ ಎತ್ತಿ ಎಲ್ಲಿಗೆ ತಂದಿತೋ, ನಾವು ಕೇಳಿದ ದಿಕ್ಕಿಗೆ ಓಡಿದೆವು. ಪೊದೆಯ ಹಿಂದೆ ಕಪ್ಪಗೆ ಏನೋ ಮುದುರಿತ್ತು. ವೆಲ್ಡರ್ ಹಾರಿ ಗೋಣಿ ಕವಿಚಿದ.

ಗೋಣಿಯೊಳಗಿಂದ ಕ್ಯಾಸಂಬಳ್ಳಿಯಿಂದ ಹಾಲು ಮಾರಲು ಬರುವ ಗೌಡರು ಎದ್ದರು. ಪಾಪ, ಗಾಳಿಗೆ ಹೆದರಿ ಕಂಬಳಿ ಹೊದ್ದು ಕೂತಿದ್ದರು.

"ಯಾವನ್ಲಾ ಅವ್ನು? ಆಲು ಕದಿಯಾಕ್ ಬಂದ್ರೇನ್ಲಾ?"

"ಇಲ್ಲ ಗೌಡ್ರೇ, ಟರ್ಕಿ ಕೋಳಿ ಹುಡುಕ್ತಿದ್ವಿ," ಎಂದೆ.

"ನಾನು ನಿಂಗೆ ಕೋಳಿ ತರ ಕಾಣ್ತೀನೇನ್ಲಾ?"

ಕೋಪಕ್ಕೆ ಅವರ ಕುತ್ತಿಗೆ ಊದಿ, ಮುಖ ಕೆಂಪಗಾಗಿತ್ತು. ವೆಲ್ಡರ್ ಒಂದು ಗಳಿಗೆ ದಿಟ್ಟಿಸಿ ನೋಡಿ ಹೇಳಿದ: "ಮೊದ್ಲು ಕಾಣ್ಲಿಲ್ಲ ಗೌಡ್ರೇ. ಈಗ ಕಾಣ್ತೀರ."

೩. ಮೇಸ್ತ್ರಿಯ ವಿದ್ಯೆ

ದಿನಗಳು ಜಾರುತ್ತಿದ್ದವು. ನಾನು ವರ್ಕ್‌ಶಾಪಿನಲ್ಲಿ ಒಂದು ನಟ್ಟನ್ನು ಮೂರು ಸಲ ಬಿಚ್ಚಿ ಮೂರು ಸಲ ಬಿಗಿಯುತ್ತಿದ್ದೆ. ನೋಡಲಾರದೆ ಒಬ್ಬ ಹಿರಿಯ ಮೇಸ್ತ್ರಿ ಬಂದರು. ಇಡೀ ಆಯುಸ್ಸು ಗಣಿಯೊಳಗೆ ಕಳೆದವರು. "ಗಾಳಿ ಅಂದ್ರೆ ಏನು ಅಂತ ನಂಗೆ ಏಳ್ಕೊಡ್ತೀಯಾ? ಗಣಿ ಒಳಗೆ ಒಂದು ಚಿಟಿಕೆ ದೂಳು ಬಿಟ್ರೆ ಸಾಕು, ಗಾಳಿ ಎತ್ಲಾಗ್ ಓಗ್ತದೆ ಅಂತ ಏಳ್ತೀನಿ. ಆ ದಿಕ್ಕಿಗೆ ಬೆನ್ನು ಕೊಟ್ಟು ಕೋಳಿ ಕೂತಿರ್ತದೆ."

ಗುಡ್ಡದ ಬುಡದಲ್ಲಿ ಜೋಳ ಚೆಲ್ಲಿ ಮೂವರೂ ಅಡಗಿದೆವು. ಮೇಸ್ತ್ರಿ ಚಿಟಿಕೆ ಮಣ್ಣು ಎತ್ತಿ ಗಂಭೀರವಾಗಿ ಬಿಟ್ಟರು. ಗಣಿಯೊಳಗಿನ ಗಾಳಿ ಸಾಧು, ಇದ್ದ ದಾರಿಯಲ್ಲೇ ಹೋಗುತ್ತದೆ. ಮೇಲಿನದು ಪೋಕರಿ. ಚಿಟಿಕೆಯ ಜೊತೆಗೆ ಅರ್ಧ ಗುಡ್ಡವೇ ಎದ್ದು ನಮ್ಮ ಕಣ್ಣಿಗೆ ಬಂತು. ಕಣ್ಣುಜ್ಜಿಕೊಂಡು ನೋಡುವಷ್ಟರಲ್ಲಿ ಜೋಳವೆಲ್ಲ ಖಾಲಿ.

"ನೋಡ್ದಾ," ಎಂದರು ಮೇಸ್ತ್ರಿ, "ಇಲ್ಲೇ ಇತ್ತು ಅಂತ ಏಳ್ಲಿಲ್ವಾ?"

೪. ಕೂಗು

ಸಾಹೇಬರು ಬಂದೇಬಿಟ್ಟರು. ನೇರ ತೋಟಕ್ಕೆ ಬಂದು, "ಎಲ್ಲಯ್ಯಾ ನನ್ನ ಗಂಡು?" ಎಂದರು.

"ಗಾಳಿಗೆ ಶೀತ ಆಗಿದೆ ಸಾರ್. ಗೂಡಿನ ಹಿಂದೆ ಮಲಗಿಸಿದೀನಿ. ಎಬ್ಬಿಸಬೇಡಿ."

"ಒಂದ್ಸಲ ಧ್ವನಿ ಕೇಳಿ ಹೋಗ್ತೀನಿ."

ಇಂಥ ಕಾಲಕ್ಕೇ, ತಗಡು ಮತ್ತೆ ಹೊದಿಸಿದ್ದ ಗೂಡಿನ ಹಿಂದೆ ವೆಲ್ಡರನ್ನು ಕೂರಿಸಿದ್ದೆ. ದಿನಾ ಕೇಳಿ ಕೇಳಿ ಆ ಕೂಗು ಅವನ ಬಾಯಿಗೆ ಬಂದಿತ್ತು. 'ಗ್ಲೊಬಗ್ಲೊಬಗ್ಲೊಬ' ಎಂದ. ಸಾಹೇಬರ ಮುಖ ಅರಳಿತು.

"ಗಂಟಲು ಸ್ವಲ್ಪ ಕಟ್ಟಿದೆ, ಪಾಪ."

ಸಾಹೇಬರು ನಂಬಿದ್ದು ಕೇಳಿ ವೆಲ್ಡರಿಗೆ ಹುಮ್ಮಸ್ಸು ಬಂತು. ಬೇಡವೆಂದು ನಾನು ಕೆಮ್ಮಿದರೂ ಬಿಡದೆ ಇನ್ನೊಮ್ಮೆ ಜೋರಾಗಿ ಕೂಗಿದ. ಗಾಳಿ ಆ ಕೂಗನ್ನು ನೆಟ್ಟಗೆ ಗುಡ್ಡಕ್ಕೆ ಮುಟ್ಟಿಸಿತು. ತನ್ನ ಹೆಣ್ಣುಗಳ ಹತ್ತಿರ ಯಾವನೋ ಬೇರೆ ಗಂಡು ಬಂದಿದ್ದಾನೆಂದು ಅಸಲಿ ಕೋಳಿ ಬೇಲಿ ಹಾರಿ ಬಂತು. ಬಾಲ ಬಿಚ್ಚಿ, ಗಾಳಿಗೆ ಅಡ್ಡಡ್ಡ ತೇಲುತ್ತ, ನೇರ ಗೂಡಿನ ಹಿಂದಕ್ಕೆ ನುಗ್ಗಿತು. "ಅಮ್ಮಾ!" ಎಂದು ವೆಲ್ಡರ್ ಹೊರಗೆ ಹಾರಿದ. ಮುಂದೆ ಅವನು, ಹಿಂದೆ ಕೋಳಿ, ಗುಲಾಬಿ ಪಾತಿಗೆ ಎರಡು ಸುತ್ತು. ಕೊನೆಗೆ ಅವನು ಸೀಬೆಮರ ಹತ್ತಿದ, ಕೋಳಿ ಗೆದ್ದ ಠೀವಿಯಲ್ಲಿ ತಾನಾಗಿ ಗೂಡಿಗೆ ಹೋಯಿತು.

ಸಾಹೇಬರು ಗೂಡಿನ ಚಿಲಕ ಹಾಕಿ, ನನ್ನ ಬಾಯಿಂದ ನಡೆದದ್ದೆಲ್ಲ ಹೇಳಿಸಿಕೊಂಡು, ಮರದ ಕಡೆ ನೋಡಿದರು.

"ಇವನೂ ಕ್ವಾರ್ಟರ್ಸ್‌ಗೆ ಅರ್ಜಿ ಹಾಕಿದಾನಲ್ವಾ?"

"ಹೌದು ಸಾರ್."

"ಇಷ್ಟು ದಿನ ಓಡಾಡಿ ನೀನು ಹಿಡಿಯಲಾಗದ್ದನ್ನ ಇವನು ಎರಡು ಕೂಗಿಗೆ ಮನೆಗೆ ಕರೆಸಿದ. ಕ್ವಾರ್ಟರ್ಸ್ ಇವನಿಗೇ."

ಸಂಜೆಯ ರೈಲಿಗೆ ಬಂಗಾರಪೇಟೆಗೆ ಬಂದೆ. ಹೆಂಡತಿಗೆ ಎಲ್ಲ ಹೇಳಿದೆ. ಅವಳು ಕೇಳಿ, ನಿಟ್ಟುಸಿರು ಬಿಟ್ಟು, "ಆ ಕೂಗನ್ನ ನೀವೇ ಕೂಗಿದ್ರೆ ಗಂಟೇನು ಓಗ್ತಿತ್ತು?" ಎಂದಳು.

ಅಡುಗೆಮನೆಯಿಂದ ಅತ್ತೆಯ ದನಿ ಬಂತು: "ಸುಮ್ಕಿರೇ. ಅಳಿಯಂದ್ರು ಬಾಯ್ ಬಿಡಾದು ಮುದ್ದೆ ಇಕ್ಕಿದಾಗ ಮಾತ್ರ."