ಅತ್ತೆಯ ರೊಟ್ಟಿ, ನನ್ನ ಗುಂಡಿ

ಯಾರಾದರೂ ನನ್ನ ಉದ್ಯೋಗ ಏನೆಂದು ಕೇಳಿದರೆ ನನಗೆ ಕೂಡಲೇ ಉತ್ತರ ಹೊಳೆಯುವುದಿಲ್ಲ. ಡಾಕ್ಟರು, ಟೀಚರು, ವಕೀಲರಿಗಾದರೆ ಒಂದೇ ಮಾತಿನಲ್ಲಿ ಮುಗಿಯುತ್ತದೆ. ನಾನು ವೆಬ್‌ಸೈಟುಗಳಲ್ಲಿ ಜನ ಹೆಸರು, ವಿಳಾಸ ತುಂಬುವ ಖಾನೆಗಳನ್ನೂ ಅವುಗಳ ಕೆಳಗೆ ಒತ್ತುವ ಗುಂಡಿಗಳನ್ನೂ ಮಾಡುವವಳು. ಮದುವೆಯಾಗಿ ರಾಯಚೂರಿಗೆ ಬಂದ ಹೊಸದರಲ್ಲಿ ನಮ್ಮತ್ತೆ ಶರಣಮ್ಮನವರಿಗೆ ಇದನ್ನು ಬಹಳ ಹೊತ್ತು ವಿವರಿಸಿದೆ. ಅವರು ಗಂಭೀರವಾಗಿ ತಲೆಯಾಡಿಸಿ ಓಣಿಗೆಲ್ಲ, "ನಮ್ಮ ಸೊಸಿ ಮನ್ಯಾಗ ಕುಂತು ಗುಂಡಿ ಮಾಡ್ತಾಳ" ಎಂದು ಹೇಳಿಬಂದರು. ಕೆಲವು ದಿನಗಳಲ್ಲೇ ಎದುರುಮನೆಯಾಕೆ ಗಂಡನ ಅಂಗಿಗಳನ್ನು ಹಿಡಿದು ಬಾಗಿಲಿಗೆ ಬಂದಳು. ನಾನು ಸೂಜಿ ದಾರ ತೆಗೆದು ಗುಂಡಿ ಹಚ್ಚಿಕೊಟ್ಟೆ. ಅವು ಇವತ್ತಿಗೂ ಗಟ್ಟಿಯಾಗಿವೆಯಂತೆ. ನಾನು ಮಾಡಿದ ಗುಂಡಿಗಳ ಪೈಕಿ ಒಂದೂ ದೂರು ಬಾರದವು ಅವೇ. ಕನ್ನಡದಲ್ಲಿ ಗುಂಡಿ ಎಂದರೆ ಒತ್ತುವುದೂ ಹೌದು, ಬೀಳುವುದೂ ಹೌದು. ಕಂಪ್ಯೂಟರಿನ ಮುಖ ನೋಡದ ನಮ್ಮ ಹಿರಿಯರು ಎರಡಕ್ಕೂ ಒಂದೇ ಪದ ಇಟ್ಟು ಹೋದ ದೂರದೃಷ್ಟಿ ನನಗೆ ಅರ್ಥವಾಗಿದ್ದು ರೊಟ್ಟಿಯ ಪ್ರಸಂಗದಲ್ಲಿ.

ನಮ್ಮತ್ತೆಯ ಖಡಕ್ ರೊಟ್ಟಿ ನಮ್ಮ ಕಡೆ ಹೆಸರುವಾಸಿ. ಹಿತ್ತಲಿನ ತಗಡಿನ ಕೆಳಗೆ ಓಣಿಯ ಇಬ್ಬರು ಹೆಂಗಸರನ್ನು ಜೊತೆಗಿಟ್ಟುಕೊಂಡು ಜೋಳದ್ದು, ಸಜ್ಜೆಯದು ಬಡಿದು ಬೇಯಿಸಿ, ಹಪ್ಪಳದಂತೆ ಒಣಗಿಸಿ ಮಾರುತ್ತಾರೆ. ಆರ್ಡರೆಲ್ಲ ಫೋನಿನಲ್ಲಿ. ಅತ್ತೆಯ ಕೈಗೆ ಹಿಟ್ಟು ಮೆತ್ತಿದಾಗಲೇ ಫೋನು ಬರಬೇಕೆಂಬುದು ಆ ಫೋನಿನ ನಿಯಮ. ಮೊಣಕೈಯಿಂದ ಒತ್ತಿ, ಭುಜದ ಮೇಲೆ ತಲೆ ವಾಲಿಸಿ ಮಾತಾಡುವಾಗ ಮಾನ್ವಿ ಎಂದದ್ದು ಮಸ್ಕಿ ಎಂದು ಕೇಳಿಸಿ ರೊಟ್ಟಿ ಬೇರೆ ಊರಿಗೆ ಹೋದದ್ದೂ ಉಂಟು. ಇನ್ನು ನನಗೋ ರೊಟ್ಟಿ ಬಡಿಯಲು ಬಾರದು. ನಾನು ಮಾಡಿದ ಮೊದಲ ರೊಟ್ಟಿಯನ್ನು ಅತ್ತೆ ತಿರುವಿ ತಿರುವಿ ನೋಡಿ, "ಇದನ್ನ ಎಮ್ಮಿಗೂ ಹಾಕಬ್ಯಾಡ್ರಿ, ಅದರ ಹಲ್ಲು ಹೋದಾವು" ಎಂದು ಹಿತ್ತಲಿಗೆ ಕೇಳುವಂತೆ ಹೇಳಿದ್ದರು. ಬಡಿಯಲಾಗದ ಸೊಸೆ ಮಾರಾಟ ಮಾಡಿಯಾದರೂ ತೋರಿಸಬೇಕು ಎಂದು ಅವತ್ತೇ ಹಟ ಹುಟ್ಟಿತು. ಒಂದು ವೆಬ್‌ಸೈಟು ಕಟ್ಟಿದೆ. ಮೇಲೆ ರೊಟ್ಟಿಯ ಚಿತ್ರ, ಕೆಳಗೆ ಹೆಸರು, ವಿಳಾಸ, ಫೋನ್ ನಂಬರು, ಯಾವ ರೊಟ್ಟಿ, ಎಷ್ಟು, ಯಾವ ದಿನಕ್ಕೆ ಎಂಬ ಖಾನೆಗಳು, ಎಲ್ಲಕ್ಕೂ ಕೆಳಗೆ ಅರಿಶಿನ ಬಣ್ಣದ ಗುಂಡಿ: "ರೊಟ್ಟಿ ಕಳಿಸಿರಿ".

ಮೊದಲ ಪರೀಕ್ಷೆಗೆ ದೇವದುರ್ಗದಲ್ಲಿರುವ ನನ್ನ ನಾದಿನಿ ಮಹಾದೇವಿಯನ್ನು ಆರಿಸಿಕೊಂಡೆ. ಮನೆಯವಳು, ತಪ್ಪಾದರೆ ಮಾತು ಹೊರಗೆ ಹೋಗುವುದಿಲ್ಲ ಎಂಬ ಲೆಕ್ಕಾಚಾರ. ಅರ್ಧ ತಾಸಿಗೆ ಫೋನು ಬಂತು.

"ವೈನಿ, ನಿಮ್ಮ ಗುಂಡಿ ಸತ್ತದ ನೋಡ್ರಿ."

"ಎಲ್ಲಾ ಖಾನೆ ತುಂಬೀಯೇನು?"

"ತುಂಬೀನ್ರಿ. ಒತ್ತಿದ್ರ ಇಂಗ್ಲಿಷ್‌ನ್ಯಾಗ ಏನೋ ಬೈತದ, ಮತ್ತ ಸುಮ್ಮನಾಗ್ತದ."

ನಮ್ಮ ಕಸುಬಿನಲ್ಲಿ ಎಲ್ಲ ರೋಗಕ್ಕೂ ಮೊದಲ ಔಷಧ, ಮುಚ್ಚಿ ಮತ್ತೆ ತೆರೆಯುವುದು. ಅದಕ್ಕೂ ಬಗ್ಗದಿದ್ದರೆ, "ನನ್ನ ಕಂಪ್ಯೂಟರಿನಲ್ಲಿ ಸರಿಯಾಗಿಯೇ ಇದೆಯಲ್ಲ" ಎನ್ನುವುದು. ಇದರಿಂದ ಇವತ್ತಿನವರೆಗೆ ಯಾವ ರೋಗಿಯೂ ಎದ್ದು ಕುಳಿತಿಲ್ಲ, ಡಾಕ್ಟರಿಗೆ ಮಾತ್ರ ಬಹಳ ಸಮಾಧಾನ. ಎರಡೂ ಮುಗಿದ ಮೇಲೆ ಮಹಾದೇವಿ ತನ್ನ ಫೋನಿನ ಪರದೆಯ ಫೋಟೋ ಕಳಿಸಿದಳು. ನೋಡಿದರೆ ಫೋನ್ ನಂಬರನ್ನು ಒಂಬತ್ತರಿಂದ ಹಿಡಿದು ಕೊನೆಯವರೆಗೆ ಅಚ್ಚ ಕನ್ನಡ ಅಂಕಿಗಳಲ್ಲಿ ತುಂಬಿದ್ದಾಳೆ. ಆ ಖಾನೆಗೆ ನಾನು ಇಂಗ್ಲಿಷ್ ಅಂಕಿ ಬಿಟ್ಟು ಬೇರೇನನ್ನೂ ಒಳಗೆ ಬಿಡಬೇಡ ಎಂದು ಅಪ್ಪಣೆ ಮಾಡಿದ್ದೆ. ಪಾಪ, ಅದು ತನ್ನ ಕೆಲಸ ಮಾಡಿತ್ತು.

"ಕನ್ನಡದಾಗ ಯಾಕ ಬರದ್ಯವ್ವಾ?" ಎಂದೆ.

"ದಯವಿಟ್ಟು ಕನ್ನಡದಲ್ಲಿ ತುಂಬಿರಿ ಅಂತ ಮ್ಯಾಲ ನೀವ ಬರದೀರಲ್ರಿ ವೈನಿ!"

ಹೌದು, ದೊಡ್ಡ ಅಕ್ಷರದಲ್ಲಿ ಬರೆದಿದ್ದೆ. ಪಕ್ಕದಲ್ಲೇ ಕುಳಿತು ಹಿಟ್ಟು ಜರಡಿ ಹಿಡಿಯುತ್ತಿದ್ದ ಅತ್ತೆ ಕೈ ನಿಲ್ಲಿಸಿ ಕೇಳಿದರು: "ಒಂಬತ್ತು ಅನ್ನೋದು ಯಾವ ಭಾಷಾದಾಗ ಬರದ್ರೂ ಎಂಟರ ಮುಂದಿಂದ ಅಲ್ಲೇನು?" ಆ ಖಾನೆಗೆ ಎರಡೂ ಬಗೆಯ ಅಂಕಿ ಕಲಿಸಿ, ಬೈಗುಳವನ್ನೂ ಕನ್ನಡಕ್ಕೆ ತಂದು, ಮಹಾದೇವಿಯಿಂದ ಮತ್ತೊಮ್ಮೆ ಒತ್ತಿಸಿದೆ. ನನ್ನ ಫೋನು ಟಿಣ್ ಎಂದಿತು. ಆರ್ಡರು ಬಂದಿತ್ತು. ಅಷ್ಟಕ್ಕೇ ಖುಷಿಯಾಗಿ, ಅತ್ತ ಒತ್ತಿದವಳಿಗೆ ಏನು ಕಾಣಿಸಿತು ಎಂದು ಕೇಳುವುದನ್ನೇ ಮರೆತೆ.

ಮುಂದಿನ ವಾರ ಒಂದು ಮಧ್ಯಾಹ್ನ ಊಟಕ್ಕೆ ಕುಳಿತಿದ್ದೆವು. ಟಿಣ್ ಎಂದಿತು. "ಮಾನ್ವಿ, ಜೋಳದ ಖಡಕ್ ರೊಟ್ಟಿ, ಐವತ್ತು, ಶನಿವಾರಕ್ಕೆ." ಅತ್ತೆಗೆ ಓದಿ ಹೇಳುವಷ್ಟರಲ್ಲಿ ಮತ್ತೆ ಟಿಣ್. ಮಾನ್ವಿ, ಐವತ್ತು. ಮತ್ತೆ ಟಿಣ್. ಕೈ ತೊಳೆಯುವುದರೊಳಗೆ ಫೋನು ದೇವರ ಕೋಣೆಯ ಗಂಟೆಯಂತೆ ಬಡಿದುಕೊಳ್ಳತೊಡಗಿತು. ಚಿಕ್ಕದಾಗಿ ಚೊಕ್ಕವಾಗಿರಲಿ ಎಂದು ಆ ಸಂದೇಶದಲ್ಲಿ ಊರು, ಸಾಮಾನು, ಎಷ್ಟು, ಯಾವ ದಿನಕ್ಕೆ ಎಂಬುದನ್ನಷ್ಟೇ ಇಟ್ಟಿದ್ದೆ. ಹೆಸರು ಇರಲಿಲ್ಲ.

"ಅತ್ತಿ, ಮಾನ್ವಿ ಪೂರ್ತಿ ನಮ್ಮದಾತು!" ಎಂದು ಕೂಗಿದೆ.

"ಒಮ್ಮಿಗೇ ಎಲ್ಲಾರಿಗೂ ಯಾಕ ಹಸಿವಾತು?" ಎಂದು ಅತ್ತೆ ಹುಬ್ಬು ಗಂಟಿಕ್ಕಿದರು.

ಕಾರಣ ನನ್ನ ಬಳಿ ತಯಾರಿತ್ತು. ಕಾಲುವೆ ನೀರಿನ ಊರು, ಸುತ್ತ ಭತ್ತದ ಗದ್ದೆ, ಮೂರು ಹೊತ್ತೂ ಅನ್ನ ಉಂಡ ಜನ ಜೋಳದ ರೊಟ್ಟಿಗೆ ಹಂಬಲಿಸುತ್ತಿದ್ದಾರೆ, ಅವರಿಗೆ ಬೇಕಾಗಿದ್ದದ್ದು ಒಂದು ಗುಂಡಿ ಮಾತ್ರ ಎಂದು ಉಪನ್ಯಾಸ ಕೊಟ್ಟೆ. ಎಲ್ಲರಿಗೂ ಒಂದೇ ದಿನಕ್ಕೆ ಬೇಕಾಗಿದೆಯಲ್ಲ ಎಂದು ಅತ್ತೆ ಕೇಳಿದರೆ, ಅಲ್ಲಿ ಏನೋ ಕಾರ್ಯವಿರಬೇಕು ಎಂದೆ. ಒಂದು ಫೋನು ಮಾಡಿ ಕೇಳಬಹುದಿತ್ತು. ಫೋನು ಮಾಡುವುದಾದರೆ ವೆಬ್‌ಸೈಟು ಯಾಕೆ ಎಂಬ ಸ್ವಾಭಿಮಾನ ಅಡ್ಡ ಬಂತು. ಹಿತ್ತಲಲ್ಲಿ ಇನ್ನೆರಡು ಒಲೆ ಹೂಡಿದರು. ದಿನವಿಡೀ ಬಡಿಯುವ ಸದ್ದು. ಅತ್ತೆ ಬಂದವರಿಗೆಲ್ಲ, "ನಮ್ಮ ಸವಿತಾ ಮಾಡಿದ ಗುಂಡೀದ್ದು ಇದೆಲ್ಲಾ" ಎನ್ನುತ್ತಿದ್ದರು. ಒಂದು ಸಂಜೆ ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟು ನಾನು ಕುಳಿತಲ್ಲಿಗೇ ತಂದುಕೊಟ್ಟರು. ಈ ಮನೆಗೆ ಬಂದಾಗಿನಿಂದ ಅಷ್ಟು ರುಚಿಯಾದದ್ದನ್ನು ನಾನು ತಿಂದಿರಲಿಲ್ಲ.

ಕೊಡಬೇಕಾದ ದಿನ ರೊಟ್ಟಿಯ ಡಬ್ಬಗಳನ್ನು ಹೊತ್ತು ಅತ್ತೆ, ಸೊಸೆ ಮಾನ್ವಿ ಬಸ್ ಹತ್ತಿದೆವು. ಯಾರ ಮನೆಗೆ ಮೊದಲು ಹೋಗಬೇಕೆಂದು ನೋಡಲು ಆಗ ಪೂರ್ತಿ ವಿಳಾಸ ತೆರೆದೆ. ಎಲ್ಲರೂ ಒಂದೇ ಓಣಿಯವರು. ಒಳ್ಳೆಯದೇ ಆಯಿತು, ಅಲೆದಾಟ ತಪ್ಪಿತು ಎಂದುಕೊಂಡೆ. ಇನ್ನಷ್ಟು ನೋಡಿದರೆ ಎಲ್ಲರೂ ಒಂದೇ ಮನೆಯವರು. ಕೂಡು ಕುಟುಂಬವಿರಬೇಕು ಎಂದುಕೊಂಡೆ. ಆಮೇಲೆ ಹೆಸರು ನೋಡಿದೆ. ಮೇಲಿನಿಂದ ಕೆಳಗಿನವರೆಗೆ ಖೈರುನ್ನಿಸಾ, ಖೈರುನ್ನಿಸಾ, ಖೈರುನ್ನಿಸಾ.

ಕಿಟಕಿಯಾಚೆ ಹಸಿರು ಗದ್ದೆಗಳು ಓಡುತ್ತಿದ್ದವು. ನನಗೂ ಇಳಿದು ಅವುಗಳ ಜೊತೆ ಓಡಬೇಕೆನಿಸಿತು. ಅತ್ತೆಗೆ ಮೆಲ್ಲಗೆ ಹೇಳಿದೆ. ಅವರು ಮಡಿಲಿನ ಡಬ್ಬವನ್ನು ಇನ್ನಷ್ಟು ಬಿಗಿಯಾಗಿ ಹಿಡಿದರು.

"ಅಂದ್ರ ಮಾನ್ವಿ ನಮ್ಮದಾಗಿಲ್ಲ?"

"ಒಂದು ಮನಿ ಆಗೇದ್ರಿ ಅತ್ತಿ."

ಅಷ್ಟರಲ್ಲಿ ಮಾನ್ವಿ ಬಂತು.

ಖೈರುನ್ನಿಸಾ ಬಟ್ಟೆ ಅಂಗಡಿ ನಡೆಸುವ ಗಟ್ಟಿಗಿತ್ತಿ. ಮರುದಿನ ಅವರ ಮಗಳ ನಿಶ್ಚಿತಾರ್ಥ. ಮನೆತುಂಬ ಓಡಾಟ. ಅಂಗಳದಲ್ಲಿ ನಾವು ಇಳಿಸಿದ ಡಬ್ಬಗಳನ್ನು ನೋಡಿ ಅವರು ಎದೆಯ ಮೇಲೆ ಕೈಯಿಟ್ಟುಕೊಂಡರು.

"ಯಾ ಅಲ್ಲಾ! ನಾ ಐವತ್ತ ಕೇಳಿದ್ದೆನ್ರಿ, ಇದು ದಂಡಿಗೆ ಆಗೋವಷ್ಟದ!"

"ಗುಂಡಿ ಎಷ್ಟು ಸಲ ಒತ್ತಿದ್ರಿ?" ಎಂದು ಕೇಳಿದೆ.

"ಯಾರು ಲೆಕ್ಕ ಇಟ್ಟಾರ? ಒತ್ತಿದೆ, ಹೂಂ ಅನ್ಲಿಲ್ಲ, ಹಾಂ ಅನ್ಲಿಲ್ಲ. ಮತ್ತ ಒತ್ತಿದೆ. ಬಾಗ್ಲಾ ಬಡದ್ರ ಒಳಗಿಂದ ಯಾರೂ ಓ ಅನ್ಲಿಲ್ಲಂದ್ರ ನೀವು ಮತ್ತ ಬಡಿಯಲ್ಲೇನು?"

ನನ್ನ ಗುಂಡಿ ಪ್ರತಿ ಸಲವೂ ಆರ್ಡರನ್ನು ನನಗೆ ಮುಟ್ಟಿಸಿತ್ತು, ಒತ್ತಿದವರಿಗೆ ಮಾತ್ರ "ಮುಟ್ಟಿತು" ಎಂದು ಹೇಳಿರಲಿಲ್ಲ. ಹೇಳು ಎಂದು ನಾನು ಕಲಿಸಿರಲಿಲ್ಲ. ನೆಲ ನೋಡುತ್ತ ನಿಂತೆ. ಅಷ್ಟರಲ್ಲಿ ಅತ್ತೆ ಸೆರಗು ಸರಿಪಡಿಸಿಕೊಂಡು ಮುಂದೆ ಬಂದರು.

"ತಪ್ಪು ನಮ್ಮದದ ಯವ್ವಾ. ನಿಮಗ ಐವತ್ತು ಬೇಕಿದ್ರ ಐವತ್ತ ತಗೋರಿ. ಉಳಿದದ್ದು ನಾವು ಹೊತಗೊಂಡು ಹೋಗ್ತೀವಿ."

ನಮ್ಮದು ಎಂದರು. ಇವಳದು ಎನ್ನಲಿಲ್ಲ. ಅತ್ತೆ ಒಂದು ಡಬ್ಬ ಬಿಚ್ಚಿ, ರೊಟ್ಟಿಯನ್ನು ಫಳ್ ಎಂದು ಮುರಿದು, ಜೊತೆಗೆ ತಂದಿದ್ದ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಹಚ್ಚಿ ಖೈರುನ್ನಿಸಾರ ಕೈಗಿಟ್ಟರು. ಅವರು ಕಣ್ಣು ಮುಚ್ಚಿ ಅಗಿದರು. ಇನ್ನೊಂದು ತುಂಡಿಗೆ ತಾವೇ ಕೈ ಚಾಚಿದರು. ಆಮೇಲೆ ಡಬ್ಬಗಳ ಸುತ್ತ ಒಂದು ಸುತ್ತು ಹಾಕಿ ಬಂದು ನಿಂತರು.

"ಬೀಗರು ಹೋಗೋವಾಗ ಎಲ್ಲಾರ ಕೈಯಾಗ ಮಿಠಾಯಿ ಡಬ್ಬಿ ಕೊಡಬೇಕಂತಿದ್ದೆ. ಅಂಗಡಿಗೆ ಇನ್ನೂ ಹೇಳಿಲ್ಲ. ಮಿಠಾಯಿ ಎಲ್ಲಾರೂ ಕೊಡ್ತಾರ. ಅರ್ಧಕ್ಕರ್ಧ ಮಂದಿಗೆ ಸಕ್ರಿ ಕಾಯಿಲೆ ಬ್ಯಾರೆ ಅದ. ಬಿಡ್ರಿ, ಎಲ್ಲಾ ಇಲ್ಲೇ ಇರ್ಲಿ!"

ಅತ್ತೆಯೂ ಖೈರುನ್ನಿಸಾರೂ ಚಾಪೆಯ ಮೇಲೆ ಕುಳಿತು ರೊಟ್ಟಿ, ಹಿಂಡಿ ಸೇರಿಸಿ ಕಟ್ಟು ಕಟ್ಟತೊಡಗಿದರು. ನಡುನಡುವೆ ಸೊಸೆಯಂದಿರ ಬಗ್ಗೆ ಒಬ್ಬರಿಗೊಬ್ಬರು ಏನೋ ಹೇಳಿಕೊಂಡು ನಕ್ಕರು. ಒಬ್ಬರದು ದಖನಿ ಉರ್ದು ಬೆರೆತ ಕನ್ನಡ, ಇನ್ನೊಬ್ಬರದು ರೊಟ್ಟಿಯಷ್ಟೇ ಖಡಕ್ ಕನ್ನಡ. ನನಗೆ ದಾರಕ್ಕೆ ಗಂಟು ಹಾಕುವ ಕೆಲಸ ಕೊಟ್ಟರು. ಅಲ್ಲೂ, "ಹೂವಿನ ಗಂಟು ಹಾಕು, ಕಗ್ಗಂಟು ಹಾಕಬ್ಯಾಡ" ಎಂದು ಅತ್ತೆ ತಿದ್ದಿದರು. ಬೀಗರಿಗೆಲ್ಲ ಕಟ್ಟಿ ಉಳಿದ ಒಂದು ಡಬ್ಬ ದೇವದುರ್ಗಕ್ಕೆ ಮಹಾದೇವಿಗೆ ಹೋಯಿತು. ನಿಶ್ಚಿತಾರ್ಥದ ರೊಟ್ಟಿ ಬೀಗರ ಊರಲ್ಲೂ ಮಾತಾಯಿತೆಂದು ಖೈರುನ್ನಿಸಾ ಆಮೇಲೆ ಫೋನು ಮಾಡಿ ಹೇಳಿದರು.

ಊರಿಗೆ ಮರಳಿದವಳೇ ಗುಂಡಿ ರಿಪೇರಿಗೆ ಕುಳಿತೆ. ಈಗ ಒಮ್ಮೆ ಒತ್ತಿದರೆ ಅದು ಬೂದಿ ಬಣ್ಣಕ್ಕೆ ತಿರುಗಿ ಮತ್ತೆ ಒತ್ತಿಸಿಕೊಳ್ಳುವುದಿಲ್ಲ. "ನಿಮ್ಮ ಆರ್ಡರ್ ಮುಟ್ಟಿದೆ, ಶರಣು" ಎನ್ನುತ್ತದೆ. ಆರ್ಡರುಗಳು ಒಂದೊಂದಾಗಿ, ಶಾಲೆಯ ಮಕ್ಕಳು ಸಾಲಿನಲ್ಲಿ ಬಂದಂತೆ ಬರುತ್ತಿವೆ. ನಾನು ಹೆಮ್ಮೆಯಿಂದ ಬೀಗುತ್ತಿರುವಾಗ ಮೊನ್ನೆ ಅತ್ತೆ ಪಕ್ಕಕ್ಕೆ ಬಂದು ಕುಳಿತರು.

"ಸವಿತಾ, ನಿನ್ನ ಗುಂಡಿ ಮತ್ತ ಕೆಟ್ಟದ ಕಾಣ್ತದ. ಒಂದ ಸಲ ಟಿಣ್ ಅಂತದ, ಸುಮ್ಮನಾಗ್ತದ."

"ಕೆಟ್ಟಿಲ್ರಿ ಅತ್ತಿ, ಸರಿ ಮಾಡೀನಿ."

"ಸರಿ ಮಾಡಂತ ಯಾರು ಹೇಳಿದ್ರು? ಮೊದಲ ಎಷ್ಟು ಚಲೋ ಇತ್ತು. ಮೊದಲಿನಂಗ ಮಾಡಿಡು."

ವೃತ್ತಿಧರ್ಮ, ಗ್ರಾಹಕರ ವಿಶ್ವಾಸ ಎಂದು ಏನೇನೋ ಹೇಳಿದೆ. ಅವರು ಕೇಳಿಸಿಕೊಂಡು, ಹಿಟ್ಟು ನಾದಲು ಎದ್ದು ಹೋದರು. ನಾನು ನನ್ನ ನಿಷ್ಠೆಯನ್ನು ನನಗೇ ತೋರಿಸಿಕೊಳ್ಳಲು, ಹಳೆಯ ತಪ್ಪು ಗುಂಡಿಯ ಫೈಲನ್ನು ಹುಡುಕಿ ಅಳಿಸಲು ಹೋದೆ. "ಖಂಡಿತ ಅಳಿಸಬೇಕೆ?" ಎಂದು ಕಂಪ್ಯೂಟರು ಕೇಳಿತು. ಹಿತ್ತಲಿನಿಂದ ರೊಟ್ಟಿಯ ಘಮ ಬರುತ್ತಿತ್ತು. ಆ ಸಂಜೆಯ ಬೆಣ್ಣೆ ನಾಲಿಗೆಗೆ ನೆನಪಾಯಿತು. "ಬೇಡ" ಎಂಬ ಗುಂಡಿ ಒತ್ತಿದೆ. ಕೆಲಸ ಆಯಿತೋ ಇಲ್ಲವೋ ಎಂದು ಅನುಮಾನವಾಗಿ, ಇನ್ನೊಮ್ಮೆ ಒತ್ತಿದೆ.