ನನ್ನ ಪರಿವರ್ತನ ಕಂಪನಿ

ಬೇರೆಯವರು ಬದಲಾಗಬೇಕೆಂದು ನನಗೆ ಮೊದಲಿನಿಂದಲೂ ಬಹಳ ಆಸೆ. ನನ್ನ ಸರದಿ ಬಂದಾಗ ಮಾತ್ರ ಸ್ವಲ್ಪ ತಡೆಯಿರಿ ಎನ್ನುತ್ತೇನೆ. ಚಹಾ ಅದೇ ಸೊಟ್ಟ ಲೋಟದಲ್ಲಿ ಬರಬೇಕು, ಕ್ಷೌರ ಅದೇ ಅಂಗಡಿಯಲ್ಲಿ ಆಗಬೇಕು, ಕಚೇರಿಯಲ್ಲಿ ನನ್ನ ಕುರ್ಚಿ ಬೇವಿನಮರದ ಗಾಳಿ ಬರುವ ಕಿಟಕಿಯ ಪಕ್ಕದಲ್ಲೇ ಇರಬೇಕು. ರಾಯಚೂರಿನ ಬೇಸಿಗೆಯನ್ನು ಕಂಡವರು ಈ ಕೊನೆಯದನ್ನಾದರೂ ಕ್ಷಮಿಸುತ್ತಾರೆ. ಇಂಥ ನಾನು ಎಪ್ಪತ್ತರ ದಶಕದ ಕೊನೆಯಲ್ಲಿ, ಸಂಘಸಂಸ್ಥೆಗಳು ಬದಲಾವಣೆಯನ್ನು ಹೇಗೆ ನಿಭಾಯಿಸಬೇಕೆಂದು ಕಲಿಸಲು ಒಂದು ಕಂಪನಿ ತೆರೆದೆ ಎಂದರೆ ನೀವು ನಗಬಾರದು. ನಗುವ ಕೆಲಸವನ್ನು ನನ್ನ ಹೆಂಡತಿ ಆಗಲೇ ಮಾಡಿ ಮುಗಿಸಿದ್ದಾಳೆ.

ತಪ್ಪೆಲ್ಲ ಹತ್ತು ದಿನದ ಒಂದು ತರಬೇತಿಯದು. ಕಚೇರಿಯಿಂದ ಒಬ್ಬ ಗುಮಾಸ್ತರನ್ನು ಬೆಂಗಳೂರಿಗೆ ಕಳಿಸಿ ಎಂದು ಪತ್ರ ಬಂದಿತ್ತು. ಯಾರಿಲ್ಲದಿದ್ದರೂ ಕೆಲಸ ನಿಲ್ಲುವುದಿಲ್ಲವೋ ಅವರನ್ನು ಕಳಿಸುವುದು ಪದ್ಧತಿ. ಹಾಗಾಗಿ ನಾನು ಹೋದೆ. ಅಲ್ಲಿ ಟೈ ಕಟ್ಟಿದವರೊಬ್ಬರು ಕರಿಹಲಗೆಯ ಮೇಲೆ ಎರಡು ಚೌಕ ಬರೆದು, ಒಂದರೊಳಗೆ ‘ಹಳೆಯದು’, ಇನ್ನೊಂದರೊಳಗೆ ‘ಹೊಸದು’ ಎಂದು ಬರೆದು, ನಡುವೆ ಒಂದು ಬಾಣ ಎಳೆದರು. ಆ ಬಾಣ ನೋಡಿ ನನಗೆ ತಲೆ ತಿರುಗಿತು. ಇಷ್ಟು ಸುಲಭದ ಕೆಲಸವನ್ನು ನಮ್ಮ ಜಿಲ್ಲೆಯಲ್ಲಿ ಒಬ್ಬರೂ ಮಾಡುತ್ತಿಲ್ಲವಲ್ಲ! ಊರಿಗೆ ಬಂದವನೇ ಆರು ತಿಂಗಳು ಸಂಬಳವಿಲ್ಲದ ರಜೆ ಹಾಕಿದೆ. ತೀನ್ ಕಂದೀಲ್ ವೃತ್ತದ ಹತ್ತಿರ ಬಟ್ಟೆಯಂಗಡಿಯ ಮೇಲಿನ ಕೋಣೆ ಹಿಡಿದು ‘ಪರಿವರ್ತನ ಸಲಹಾ ಕಂಪನಿ’ ಎಂದು ಬೋರ್ಡು ಬರೆಸಿದೆ. ‘ಬದಲಾವಣೆಗೆ ಅಂಜಬೇಡಿ’ ಎಂಬ ಕರಪತ್ರ ಅಚ್ಚು ಹಾಕಿಸಿ ಊರಿನ ಕಚೇರಿಗಳಿಗೆಲ್ಲ ಹಂಚಿದೆ. ಧಾರಾಳ ಮನಸ್ಸಿನಿಂದ ನನ್ನ ಕಚೇರಿಗೂ ಹತ್ತು ಕೊಟ್ಟು ಬಂದೆ.

“ಕಸಾ ಹೊಡಿಯಾಕ ನಿಮ್ಮ ಖುರ್ಚಿ ಒಂದ್ ಗೇಣು ಸರಿಸಿದ್ರ ಮನಿ ತಲಿಮ್ಯಾಲ ಮಾಡ್ತೀರಿ. ನೀವು ಮಂದೀನ ಬದಲ್ ಮಾಡಾಕ ಹೊಂಟೀರೇನು?” ಎಂದಳು ಶರಣಮ್ಮ, ನನ್ನ ಹೆಂಡತಿ. ಹೊಸ ವಿಚಾರಕ್ಕೆ ಮೊದಲ ವಿರೋಧ ಮನೆಯಿಂದಲೇ ಬರುತ್ತದೆಂದು ತರಬೇತಿಯಲ್ಲಿ ಹೇಳಿದ್ದರು. ನಾನು ಅವಳನ್ನು ನೋಡಿ ಮುಗುಳ್ನಕ್ಕೆ. ಆ ನಗುವಿಗೆ ಎರಡು ದಿನ ಸಪ್ಪನೆಯ ಬೇಳೆ ಉಂಡೆ.

ಎರಡು ತಿಂಗಳು ಮೆಟ್ಟಿಲು ಹತ್ತಿ ಬಂದವರೆಲ್ಲ ಕೆಳಗಿನ ಅಂಗಡಿಯ ಗಿರಾಕಿಗಳೇ. ಬನಿಯನ್ನು ಬಿಗಿಯಾಯಿತೆಂದು ದೂರು ಹೇಳಲು ಬಂದವರು. ಮೂರನೆಯ ತಿಂಗಳು ನನ್ನ ಸಹಪಾಠಿ ಬಸಣ್ಣ ಬಂದ. ಅವನು ಮಾನ್ವಿಯ ಬೀಜದ ಸೊಸೈಟಿಯ ಕಾರ್ಯದರ್ಶಿ. ದೇವದುರ್ಗದ ಸೊಸೈಟಿಯನ್ನು ಅವನದರೊಳಗೆ ಸೇರಿಸಿದ್ದರು. ಎರಡೂ ಊರಿನ ಕಾಗದಪತ್ರಗಳು ಒಂದೇ ಕೋಣೆಗೆ ಬಂದು ಬಿದ್ದಿದ್ದವು. ತಿಂಗಳೊಪ್ಪತ್ತಿನಲ್ಲಿ ತಪಾಸಣೆಗೆ ಸಾಹೇಬರು ಬರುವವರಿದ್ದರು. “ಏನರ ಮಾಡಲೇ, ಮಾನ ಉಳಿಸು” ಎಂದ. ನಾನು ಬಾಣ ಬಿಡಲು ಸಿದ್ಧನಾಗಿಯೇ ಇದ್ದೆ.

ಆ ಕೋಣೆಯನ್ನು ಕಾಯುತ್ತಿದ್ದವನು ಖಾಜಾಮಿಯಾ. ನಿಜಾಮರ ಕಾಲದ ಪದ್ಧತಿಯಂತೆ ಕಾಗದಗಳನ್ನೆಲ್ಲ ಬಟ್ಟೆಯಲ್ಲಿ ಸುತ್ತಿ, ಗಂಟು ಹಾಕಿ, ದಫ್ತರ ಮಾಡಿ ಇಟ್ಟಿದ್ದ. ಒಂದು ಬಟ್ಟೆಯಂತೆ ಇನ್ನೊಂದಿಲ್ಲ. ಯಾವುದು ಎಲ್ಲಿದೆ ಎಂದು ಕೇಳಿದೆ.

“ಕೆಂಪು ಚೌಕಳಿ ಲುಂಗಿದಾಗ ಮಲ್ಲಟ ಹಳ್ಳಿಯವ್ರ ಅರ್ಜಿ ಅದಾವ್ರಿ ಸಾಬ್. ಹಸರ ಪರದೆದಾಗ ದೇವದುರ್ಗದ ಮೆಂಬರ್ ಮಂದಿ. ಹೂವಿನ ಸೀರಿದಾಗ ತಕರಾರು.”

“ತಕರಾರಿಗೆ ಹೂವಿನ ಸೀರೆ ಯಾಕೆ?”

“ಹಳೇ ಅಧ್ಯಕ್ಷರ ಮನಿಯಿಂದ ಬಂದ ಸೀರಿರಿ. ತಕರಾರು ಭೀ ಅಲ್ಲಿಂದನ ಬರ್ತಿದ್ವು.”

ನನಗೆ ಗಾಬರಿಯಾಯಿತು. ಆಡಳಿತವೆಂದರೆ ಲುಂಗಿಯೇ? ಮೂರು ಪುಟದ ವರದಿ ಟೈಪು ಮಾಡಿಸಿದೆ. ಎಲ್ಲ ದಫ್ತರಕ್ಕೂ ಒಂದೇ ಬಿಳಿ ಬಟ್ಟೆ, ಒಂದೊಂದಕ್ಕೂ ಅಂಟಿಸಿದ ನಂಬರು, ಗೋಡೆಗೆ ಒಂದು ಪಟ್ಟಿ. ಕೊನೆಯ ಸಾಲು: ‘ಈ ವ್ಯವಸ್ಥೆ ಬಂದ ಮೇಲೆ ದಫ್ತರ ಕಾಯುವವರ ಅಗತ್ಯವಿಲ್ಲ.’ ಟೈಪಾಗಿ ಬಂದಾಗ ಆ ಸಾಲು ನೋಡಲು ಬಹಳ ಚೆಂದವಿತ್ತು. ಖಾಜಾಮಿಯಾನ ನೌಕರಿಗೆ ಇನ್ನೂ ಎರಡು ವರ್ಷ ಬಾಕಿಯಿದೆಯೆಂದು ಬಸಣ್ಣ ಮೆಲ್ಲಗೆ ಹೇಳಿದ. ನಾನು ಕೇಳಿಸಿಕೊಳ್ಳಲಿಲ್ಲ.

“ಮೂವತ್ತು ವರ್ಷ ಇದೇ ಖೋಲ್ಯಾಗ ಕುಂತೀನಿ ಸಾಬ್. ತಪಾಸ್ ಮುಗಿಯೋತನ ಇರ್ತೀನಿ. ಆಮ್ಯಾಗ ನನ್ನ ಜಾಗಾದಾಗ ನಿಮ್ಮ ನಂಬರ್ ಕುಂದ್ರಲಿ” ಎಂದ ಖಾಜಾಮಿಯಾ. ಸಮಾಧಾನಕ್ಕೆಂದು ಅವನಿಗೂ ಒಂದು ಕರಪತ್ರ ಕೊಟ್ಟೆ. ಉರ್ದು ಮಾತ್ರ ಓದಬಲ್ಲ ಅವನು ಅದನ್ನು ಎರಡು ಕೈಯಿಂದ ತೆಗೆದುಕೊಂಡು, ಮಡಚಿ, ಅಲ್ಲಾಡುತ್ತಿದ್ದ ಮೇಜಿನ ಕಾಲಿಗೆ ಒತ್ತು ಕೊಟ್ಟ. ನನ್ನ ಕಂಪನಿಯಿಂದ ಆ ಸೊಸೈಟಿಗಾದ ಒಂದೇ ಸುಧಾರಣೆ ಅದು.

ನಾಲ್ಕು ದಿನ ಅವನು ಹಳೆಯ ಬಟ್ಟೆ ಬಿಚ್ಚಿ ಬಿಳಿ ಬಟ್ಟೆ ಸುತ್ತಿದ. ನಾನು ಗೋಧಿಹಿಟ್ಟಿನ ಅಂಟು ಕಾಸಿ ಕೈಯಾರೆ ನಂಬರು ಅಂಟಿಸಿದೆ. ಕೋಣೆ ಹೊಸ ಮದುಮಗನಂತೆ ಕಾಣುತ್ತಿತ್ತು.

ತಪಾಸಣೆಯ ದಿನ ಇಸ್ತ್ರಿ ಅಂಗಿ ತೊಟ್ಟು ಬೆಳಗಿನ ಬಸ್ಸಿಗೆ ಮಾನ್ವಿಗೆ ಹೋದೆ. ಬಾಗಿಲು ತೆರೆದರೆ ಸಾಲು ಸಾಲು ಬಿಳಿ ಗಂಟುಗಳು. ಒಂದರ ಮೇಲೂ ನಂಬರಿಲ್ಲ. ಪಕ್ಕದ ಗೋದಾಮಿನ ಬೀಜಕ್ಕೆಲ್ಲ ವಿಷದ ಔಷಧಿ ಹಚ್ಚಿರುತ್ತಾರೆ. ಅಲ್ಲಿಯ ಇಲಿಗಳು ಎಷ್ಟು ತಲೆಮಾರಿನಿಂದ ಉಪವಾಸವಿದ್ದವೋ! ಔಷಧಿ ಹಚ್ಚದ ಪದಾರ್ಥವೆಂದರೆ ನನ್ನ ಅಂಟು ಒಂದೇ. ಅದನ್ನು ನಂಬರಿನ ಚೀಟಿ ಸಮೇತ ತಿಂದು ಮುಗಿಸಿದ್ದವು. ಪರಿವರ್ತನೆಯನ್ನು ಮನಸಾರೆ ಸ್ವೀಕರಿಸಿದವು ಅವು ಮಾತ್ರ.

ಸಾಹೇಬರು ದೇವದುರ್ಗದ ಸದಸ್ಯರ ದಫ್ತರ ಕೇಳಿದರು. ಗೋಡೆಯ ಪಟ್ಟಿಯಲ್ಲಿ ಅದು ನಲವತ್ತೇಳು. ನಲವತ್ತೇಳು ಯಾವುದು? ಬಸಣ್ಣ ಒಂದು ಗಂಟು ಬಿಚ್ಚಿದ, ತಕರಾರು. ಇನ್ನೊಂದು ಬಿಚ್ಚಿದ, ಅದೂ ತಕರಾರು. ಸಾಹೇಬರು ಕನ್ನಡಕ ಹಾಕಿಕೊಂಡು ಆಸಕ್ತಿಯಿಂದ ಓದತೊಡಗಿದರು. ಬಸಣ್ಣನ ಮುಖ ಆ ಬಟ್ಟೆಗಿಂತ ಬಿಳುಪಾಯಿತು. ಆಗ ವರಾಂಡದಲ್ಲಿ ಕುಳಿತಿದ್ದ ಖಾಜಾಮಿಯಾ ಎದ್ದು ಒಳಗೆ ಹೋಗಿ ಒಂದು ಗಂಟು ತಂದಿಟ್ಟ. ದೇವದುರ್ಗದ ಸದಸ್ಯರು! ಸಾಹೇಬರು ಮತ್ತೆ ಐದು ಕೇಳಿದರು. ಐದನ್ನೂ ತಂದ.

ಅವರು ಹೋದ ಮೇಲೆ ಹೇಗೆಂದು ಕೇಳಿದೆ. ಪ್ರತಿ ಗಂಟಿನ ಒಳಮಗ್ಗುಲಲ್ಲಿ ಹಳೆಯ ಬಟ್ಟೆಯಿಂದ ಹರಿದ ಬೆರಳಗಲದ ಪಟ್ಟಿ ಕಟ್ಟಿದ್ದ: ಹಸಿರು ಪರದೆ, ಚೌಕಳಿ ಲುಂಗಿ, ಹೂವಿನ ಸೀರೆ.

“ನಿಮ್ಮ ನಂಬರ್ ಛಲೋನ ಇದ್ವು ಸಾಬ್. ಆದ್ರ ಭೀ, ಎದಕ್ಕೂ ಇರ್ಲಿ ಅಂತ ಕಟ್ಟಿಟ್ಟಿದ್ದೆ.”

ನನಗೆ ನಿಜಕ್ಕೂ ನಾಚಿಕೆಯಾಯಿತು. ಅವನನ್ನು ಮನೆಗೆ ಕಳಿಸಿ ಎಂದು ಬರೆದವನು ನಾನು. ನನ್ನ ಮಾನ ಉಳಿಸಿದವನು ಅವನು. ಬಸಣ್ಣ ವರದಿಯ ಕೊನೆಯ ಪುಟವನ್ನು ನನ್ನೆದುರೇ ಹರಿದ. ಖಾಜಾಮಿಯಾ ಉಳಿದ, ಕಂಪನಿ ಮನೆಗೆ ಹೋಯಿತು. ಹೊರಡುವಾಗ ನೆನಪಿಗೊಂದು ಪಟ್ಟಿ ಕೊಡೆಂದೆ. ಚೌಕಳಿ ಲುಂಗಿಯಿಂದ ಒಂದು ಹರಿದು, “ತಗೋರಿ, ನಿಮಗ ಭೀ ಬೇಕಾಗ್ತದ” ಎಂದ.

ರಜೆ ಮುಗಿಸಿ ಕಚೇರಿಗೆ ಹೋದೆ. ಕಿಟಕಿಯ ಪಕ್ಕ ಕಬ್ಬಿಣದ ಕಪಾಟು ನಿಂತಿತ್ತು. ನನ್ನ ಕುರ್ಚಿ ಮೂಲೆಯಲ್ಲಿ, ಕುಡಿಯುವ ನೀರಿನ ಹಂಡೆಯ ಹಿಂದೆ. ನಾನು ಕೂಗಾಡಿದೆ. ಹೊಸ ಹೆಡ್‌ಕ್ಲರ್ಕು ಸಿಟ್ಟಾಗಲಿಲ್ಲ, ಡ್ರಾಯರಿನಿಂದ ನನ್ನ ಕರಪತ್ರ ತೆಗೆದರು. “ಅಂಜಬ್ಯಾಡ್ರಿ ಅಂತ ನೀವ ಬರ್ದೀರಲ್ರಿ. ಓದಿ ನಮಗ ಭಾಳ ಧೈರ್ಯ ಬಂತು ನೋಡ್ರಿ.”

ಅಂದೇ ಮಧ್ಯಾಹ್ನ ಕುರ್ಚಿಯ ಕಾಲಿಗೆ ಚೌಕಳಿ ಪಟ್ಟಿ ಕಟ್ಟಿದೆ. ನಾನು ನಿವೃತ್ತನಾಗುವವರೆಗೆ ಕಚೇರಿಯವರು ಆ ಕುರ್ಚಿಯನ್ನು ಎಲ್ಲೆಲ್ಲಿಗೋ ಸರಿಸುತ್ತಿದ್ದರು. ನಾನು ಬೆಳಿಗ್ಗೆ ಬಂದು, ಬಗ್ಗಿ ಕುರ್ಚಿಗಳ ಕಾಲುಗಳನ್ನೆಲ್ಲ ನೋಡಿ, ನನ್ನದನ್ನು ಹುಡುಕಿ ಕಿಟಕಿಯ ಕಡೆಗೆ ಎಳೆದುಕೊಂಡು ಬರುತ್ತಿದ್ದೆ.